ಹೇರೆತ್ತಿನ ದಾರಿಯೂ ತಂಗಿದ ಊರೂ: ಐದು ತಾಲ್ಲೂಕುಗಳ ವ್ಯಾಪಾರ ಸಂಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲುಸೀಮೆಯನ್ನು ಚರಿತ್ರೆಕಾರರು ಬಹುಮಟ್ಟಿಗೆ ಹಂಪಿಯ ನೆರಳಲ್ಲಿಟ್ಟೇ ನೋಡಿದ್ದಾರೆ. ಹೊರಲೋಕದ ನಂಟೆಂದರೆ ೧೬ನೇ ಶತಮಾನದಲ್ಲಿ ರಾಜಧಾನಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನಂಥವರ ಬರಹ ಮಾತ್ರವೇ ನೆನಪಾಗುತ್ತದೆ. ಆದರೆ ಈ ಒಣಸೀಮೆಯ ಆಧಾರಗಳು ಬೇರೊಂದು ಸಂಗತಿಯನ್ನು ಹೇಳುತ್ತವೆ: ವ್ಯಾಪಾರಿ ದೂರ ನಡೆದ ಮಾತ್ರಕ್ಕೆ ಜನ ಬೆಸೆಯುವುದಿಲ್ಲ, ತಂಗಿದ ಊರು ಅವನಿಗೆ ಹಕ್ಕನ್ನೂ ಹೊಣೆಯನ್ನೂ ಕೊಟ್ಟಾಗಲೇ ನಂಟು ಹುಟ್ಟುತ್ತದೆ.

ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ ದತ್ತಿ ಭೂಮಿಗೆ ಕೊಟ್ಟ ವಿನಾಯಿತಿಗಳಲ್ಲಿ ಸರದಿಯ ಮೇಲೆ ಎತ್ತು ಒದಗಿಸುವ ಕಟ್ಟಳೆಯಿಂದ ಬಿಡುಗಡೆಯೂ ಒಂದು. ಅಧಿಕಾರದ ಸಂಚಾರ ಹಳ್ಳಿಗೆ ಹೊರೆಯಾಗಿತ್ತೆಂಬುದಕ್ಕೆ ಇದು ಸಾಕ್ಷಿ. ವರ್ತಕ ಸಂಘವಾದ ಅಯ್ಯಾವೊಳೆ ಐನೂರ್ವರ ಸಂಚಾರ ಹೀಗಿರಲಿಲ್ಲ. ಹೇರಿಗಿಷ್ಟು, ಎಲೆ ಅಡಿಕೆಗಿಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಆಯ ಗೊತ್ತುಮಾಡಿ ಅವರು ಗುಡಿಗಳಿಗೆ ದತ್ತಿ ಬಿಟ್ಟದ್ದನ್ನು ಕರ್ನಾಟಕದ ಎಷ್ಟೋ ಶಾಸನಗಳು ಹೇಳುತ್ತವೆ. ನಾನಾದೇಶಿಗಳೆಂದೂ ಕರೆಸಿಕೊಂಡ ಇವರ ಪ್ರಶಸ್ತಿ ಬರಿಯ ಹೊಗಳಿಕೆಯೆಂದು ಆಕ್ಷೇಪಿಸಬಹುದು. ಉತ್ಪ್ರೇಕ್ಷೆ ಇರುವುದು ದಿಟ. ಆದರೆ ಸುಮಾತ್ರಾದ ಬಾರೂಸ್‌ನಲ್ಲಿ ೧೦೮೮ರಲ್ಲಿ ಇದೇ ಐನೂರ್ವರ ಹೆಸರಲ್ಲಿ ತಮಿಳು ಶಾಸನ ನಿಂತಿರುವಾಗ ಅವರ ದೂರದ ನಡಿಗೆಯನ್ನು ಅಲ್ಲಗಳೆಯಲಾಗದು. ಅಲ್ಲಿಯೂ ಕಾಣುವುದು ಸರಕಿನ ಮೇಲೆ ಹಾಕಿಕೊಂಡ ಆಯದ ಕಟ್ಟಳೆಯೇ.

ಈ ವಾದಕ್ಕೆ ನಿಜವಾದ ಪರೀಕ್ಷೆ ಲಂಬಾಣಿಗರದು. ಈ ಐದೂ ತಾಲ್ಲೂಕುಗಳಲ್ಲಿ ಅವರ ತಾಂಡಾಗಳಿವೆ. ಆಡುವ ಗೋರ್ ಬೋಲಿ ರಾಜಸ್ಥಾನದ ನುಡಿಗಳಿಗೆ ಹತ್ತಿರದ್ದು. ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ದಂಡಿಗೆ ಮುಟ್ಟಿಸಿದವರು ಇವರು. ೧೭೯೧–೯೨ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಕಾರ್ನ್‌ವಾಲಿಸನ ಸೈನ್ಯವೂ ಇವರ ಧಾನ್ಯವನ್ನೇ ನೆಚ್ಚಿತ್ತು. ಇಷ್ಟು ದೂರ, ಇಷ್ಟು ತಲೆಮಾರು ತಿರುಗಿದವರಿಗೆ ದಕ್ಕಿದ್ದೇನು? ಗಾಡಿರಸ್ತೆ, ರೈಲುಗಳು ಬಂದು ಹೇರಿನ ಕಸುಬು ಮುರಿಯಿತು. ೧೮೭೧ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿ ೧೯೧೧ರಲ್ಲಿ ಈ ಸೀಮೆಗೂ ಹಬ್ಬಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಲೆದಾಟವನ್ನೇ ಸಂಶಯಕ್ಕೆ ಗುರಿಮಾಡಿತು. ನಿನ್ನೆಯವರೆಗೆ ಉಪ್ಪು ತಂದವರು ಇಂದು ಊರಾಚೆಯ ಅಪರಿಚಿತರಾದರು. ತಾಂಡಾ ತಾನಾಗಿಯೇ ಊರಿಂದ ದೂರ ಉಳಿಯಿತು, ಭಾಷೆ ಉಡುಗೆಗಳೇ ಗೋಡೆಯಾದವು ಎನ್ನುವವರಿದ್ದಾರೆ. ಈ ಮಾತು ಒಪ್ಪತಕ್ಕದ್ದಲ್ಲ. ಐನೂರ್ವರಲ್ಲಿಯೂ ನಾನಾ ನುಡಿ, ನಾನಾ ಮತದವರಿದ್ದರು. ವ್ಯತ್ಯಾಸವಿದ್ದದ್ದು ಅವರಿಗೆ ಸಂತೆಯಲ್ಲಿ ಸಿಕ್ಕ ಮಾನ್ಯತೆಯಲ್ಲಿ. ಹೇರೆತ್ತಿನ ವ್ಯಾಪಾರಿಗೆ ಊರು ಕೊಟ್ಟದ್ದು ಸರಕಿನ ಬೆಲೆಯನ್ನಷ್ಟೆ, ಪಾಲನ್ನಲ್ಲ.

ಇಂದು ಇದೇ ತಾಂಡಾಗಳ ಜನ ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಗುಳೆ ಹೋಗುತ್ತಾರೆ. ಹೇರಿನ ದಾರಿಗಳು, ತಂಗುತ್ತಿದ್ದ ಕೆರೆಗಳು, ಕೊಡುಕೊಳ್ಳುತ್ತಿದ್ದ ಊರುಗಳು ಹಿರಿಯರ ಹಾಡು, ನೆನಪುಗಳಲ್ಲಿ ಉಳಿದಿರುವಾಗಲೇ ಅವನ್ನು ತಾಂಡಾ ತಾಂಡಾಕ್ಕೆ ಹೋಗಿ ಬರೆದುಕೊಳ್ಳುವ ಕೆಲಸವನ್ನು, ಶಾಸನಗಳಿಗೆ ಕೊಟ್ಟಷ್ಟೇ ಶ್ರದ್ಧೆಯಿಂದ, ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ಕೈಗೆತ್ತಿಕೊಳ್ಳಬೇಕು.