ಠುಸ್ ಅಂದ ಗುಂಡು

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಮಾತು. ನಮ್ಮೂರು ಕಲಘಟಗಿ ತಾಲೂಕಿನ ಕಾಡಂಚಿನಲ್ಲಿದೆ. ಗೋವಿನಜೋಳ ತೆನೆಗಟ್ಟಿತೆಂದರೆ ಕಾಡುಹಂದಿಗಳ ಕಾಟ. ದೊಡ್ಡಪ್ಪನ ಹತ್ತಿರ ಲೈಸೆನ್ಸಿನ ಕೇಪಿನ ಬಂದೂಕಿತ್ತು. ಒಂದು ರಾತ್ರಿ ಮಳೆಗಾಲದಿಂದ ಹಾಗೇ ಇಟ್ಟಿದ್ದ ಮದ್ದನ್ನೇ ತುಂಬಿ ಕುದುರೆ ಎಳೆದ. ಢಂ ಅನ್ನಲಿಲ್ಲ, 'ಠುಸ್' ಅಂತು. ಸ್ವಲ್ಪ ಹೊಗೆ ಬಂತು. ಹಂದಿಗಳು ತಲೆ ಸಹ ಎತ್ತಲಿಲ್ಲ.

ದೊಡ್ಡಪ್ಪ ಸಿಟ್ಟಿನಿಂದ ಮತ್ತೆ ಮದ್ದಿನ ಚೀಲಕ್ಕೆ ಕೈ ಹಾಕಿದ. ಅಜ್ಜ ಕೈ ಹಿಡಿದು ನಿಲ್ಲಿಸಿದ. "ಏ ತಡಿಯೋ. ಸಪ್ಪಳಾತಂದ್ರ ಗುಂಡ್ ಹೋತಂತ ತಿಳ್ಕೊಂಡ್ಯೇನ? ಮೊದ್ಲ ಕೋಲ್ ಹಾಕಿ ನೋಡ." ನಳಿಗೆಯೊಳಗೆ ಕಬ್ಬಿಣದ ಕೋಲು ಇಳಿಸಿದರೆ ಅರ್ಧದಲ್ಲೇ ನಿಂತಿತು. ಗುಂಡು ಅಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ತುಂಬಿ ಹಾರಿಸಿದ್ದರೆ ನಳಿಗೆ ಒಡೆದು ದೊಡ್ಡಪ್ಪನ ಮುಖಕ್ಕೇ ಬರುತ್ತಿತ್ತು.

ಅಮೆರಿಕದಲ್ಲಿ ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸಿಗಳು ಇದನ್ನು 'ಸ್ಕ್ವಿಬ್' ಅಂತಾರೆ. ನಮ್ಮಲ್ಲಿ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಅವರು ಹೇಳುವ ಪಾಠವೂ ಅಜ್ಜನದ್ದೇ: ಸಪ್ಪಳ ಬೇರೆ ಬಂದರೆ ನಿಲ್ಲು, ನಳಿಗೆ ನೋಡು. ಪೂರ್ತಿ ಸತ್ತ ಮದ್ದು ಅಷ್ಟು ಅಪಾಯವಲ್ಲ, ಅರ್ಧ ಜೀವ ಇರೋದು ಅಪಾಯ. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ? ಕ್ರ್ಯಾಶ್ ಆದ ಪ್ರೋಗ್ರಾಮ್ ಕೂಡಲೇ ಸಿಗುತ್ತೆ. ಎಲ್ಲಾ ಸರಿ ಇದೆ ಅಂತ ತೋರಿಸಿ ತಪ್ಪು ಉತ್ತರ ಕೊಡೋದು ಸಿಗಲ್ಲ.

ನಮ್ಮ ಭಾಗದ ಅತಿ ದೊಡ್ಡ 'ಠುಸ್' ಕಿತ್ತೂರಿನದು. ಧಾರವಾಡದಿಂದ ಬೆಳಗಾವಿ ದಾರಿಯಲ್ಲಿ 30 ಕಿಲೋಮೀಟರ್ ಆಸುಪಾಸು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆಗೆಸಲು ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಅಮಟೂರು ಬಾಳಪ್ಪನ ಗುಂಡಿಗೆ ಅಂತ ನಮ್ಮ ಜನ ಹಾಡಿಕೊಂಡು ಬಂದಿದ್ದಾರೆ. ಅಂದರೆ ಅಕ್ಟೋಬರಿನಲ್ಲಿ ಕಿತ್ತೂರಿನ ಮದ್ದು ಸರಿಯಾಗಿಯೇ ಸಿಡಿದಿತ್ತು. ಸುಮಾರು 40 ದಿನಗಳ ನಂತರ ಕಂಪನಿ ತೋಪುಗಳ ಸಮೇತ ದೊಡ್ಡ ಪಡೆ ತಂದು ಮುತ್ತಿತು. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಯಾಕೆ ಬಿತ್ತು? ಲಾವಣಿ, ನಾಟಕ, ನಮ್ಮಜ್ಜಿ, ಎಲ್ಲರದ್ದೂ ಒಂದೇ ಉತ್ತರ: ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯ ಮದ್ದಿನಲ್ಲಿ ಸಗಣಿ ಬೆರೆಸಿದರು, ತೋಪುಗಳು ಠುಸ್ ಅಂದವು. ನಮ್ಮ ಕಡೆ 'ಮಲ್ಲಪ್ಪಶೆಟ್ಟಿ' ಅನ್ನೋದು ಇವತ್ತಿಗೂ ಬೈಗುಳವೇ. 1858ರ ನರಗುಂದದ ಬಗ್ಗೆಯೂ ಇಂಥದ್ದೇ ಕಥೆ ಇದೆ. 1846ರ ಸೊಬ್ರಾಂವ್ ಯುದ್ಧದಲ್ಲಿ ಸಿಖ್ಖರ ಮದ್ದಿನ ಪೆಟ್ಟಿಗೆಗಳಲ್ಲಿ ಸಾಸಿವೆ ತುಂಬಿತ್ತು ಅಂತ ಪಂಜಾಬಿನವರೂ ಹೇಳ್ತಾರೆ. ಒಂದೇ ಬಗ್ ಮೂರು ಕಡೆ ರಿಪೋರ್ಟ್ ಆದರೆ ಯಾವ ಇಂಜಿನಿಯರ್ ಆದರೂ ಒಂದು ಸಲ ಮದ್ದಿನ ಕಡೆಗೇ ತಿರುಗಿ ನೋಡಬೇಕು.

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಹೆಚ್ಚಿನ ಪಾಲು ಪೆಟ್ಲುಪ್ಪಿನದು. ಅದು ಬರೋದೆಲ್ಲಿಂದ? ದನದ ಕೊಟ್ಟಿಗೆಯ ಹಳೇ ಮಣ್ಣಿನಿಂದ! ಸಗಣಿ, ಗಂಜಲ ಇಂಗಿದ ಮಣ್ಣನ್ನು ನೀರಲ್ಲಿ ಕಲಸಿ, ಸೋಸಿ, ಕುದಿಸಿದರೆ ಉಪ್ಪು ಹರಳುಗಟ್ಟುತ್ತದೆ. ಸರಿಯಾಗಿ ಶುದ್ಧ ಮಾಡದಿದ್ದರೆ ಅದರಲ್ಲಿ ಉಳಿದ ಬೇರೆ ಉಪ್ಪುಗಳು ಗಾಳಿಯ ಪಸೆ ಹೀರುತ್ತವೆ. ಮೂರನ್ನೂ ಒಣಗಿದ್ದಾಗಲೇ ಬೆರೆಸಿ ಚಕ್ಕಡಿಯಲ್ಲಿ ಸಾಗಿಸಿದರೆ ಕುಲುಕಾಟಕ್ಕೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಮ್ಮೆ ನೆಂದು ಒಣಗಿದ ಮದ್ದು ನೋಡೋಕೆ ಕಪ್ಪಗೇ ಇರುತ್ತೆ, ಆದರೆ ಕಸುವು ಹೋಗಿರುತ್ತೆ. 1757ರ ಪ್ಲಾಸಿಯಲ್ಲಿ ಒಂದು ಮಳೆ ಬಂದು ನವಾಬನ ಮದ್ದು ನೆಂದುಹೋಯಿತು. ಇಂಗ್ಲಿಷರು ತಮ್ಮದಕ್ಕೆ ತಾಡಪತ್ರಿ ಹೊದಿಸಿದ್ದರು. ಅಲ್ಲಿ ಮೀರ್ ಜಾಫರನ ದ್ರೋಹವೂ ಇತ್ತು, ನಿಜ. ಆದರೆ ಮದ್ದು ನೆನೆಸಿದ್ದು ಮಾತ್ರ ಮಳೆ.

ಇದರ ಪರಿಹಾರ ಆಗಲೇ ಹಳೆಯದಾಗಿತ್ತು. 1686ರಲ್ಲೇ ಫ್ರಾನ್ಸಿನ ದೊರೆ, ಮದ್ದನ್ನು ಒಂದು ಚಿಕ್ಕ ತೋಪಿನಲ್ಲಿ ಹಾಕಿ ಹಾರಿಸಬೇಕು, ಗುಂಡು ಗೊತ್ತಾದ ದೂರ ಹೋಗದಿದ್ದರೆ ಮದ್ದನ್ನು ವಾಪಸ್ ಕಳಿಸಬೇಕು ಅಂತ ಆಜ್ಞೆ ಹೊರಡಿಸಿದ್ದ. ಯಾರನ್ನೂ ನಂಬೋದು ಬೇಡ, ಹಾರಿಸಿ ನೋಡು. ಅಷ್ಟೇ ಟೆಸ್ಟಿಂಗ್.

ಮಲ್ಲಪ್ಪಶೆಟ್ಟಿ ನಿರಪರಾಧಿ ಅಂತ ನಾನು ತೀರ್ಪು ಕೊಡ್ತಿಲ್ಲ. ನನ್ನ ಮಾತು ಇಷ್ಟೇ: ಸಗಣಿ ಬೆರೆಸಿದ್ದರೂ, ಪಸೆ ಹಿಡಿದಿದ್ದರೂ, ಮೊದಲೇ ಹಾರಿಸಿ ನೋಡಿದ ಒಂದು ಗುಂಡಿಗೆ ಎರಡೂ ಗೊತ್ತಾಗುತ್ತಿತ್ತು. ಮುತ್ತಿಗೆಯ ದಿನ ಮೊದಲ ಸಲ ಗೊತ್ತಾಯಿತು ಅಂದರೆ ಅದು ಒಬ್ಬನ ದ್ರೋಹಕ್ಕಿಂತ ದೊಡ್ಡ ಕಥೆ. ಆದರೆ ಪರೀಕ್ಷೆ ಮಾಡದ ಮದ್ದಿನ ಮೇಲೆ ಲಾವಣಿ ಕಟ್ಟೋಕೆ ಆಗಲ್ಲ, ದ್ರೋಹಿಯ ಮೇಲೆ ಕಟ್ಟಬಹುದು. ಆಫೀಸಿನಲ್ಲಿ ಸರ್ವರ್ ಬಿದ್ದ ರಾತ್ರಿ ನಾವೂ ಮೊದಲು ಕೇಳೋದು 'ಏನಾಯ್ತು' ಅಂತಲ್ಲ, 'ಯಾರು ಮಾಡಿದ್ದು' ಅಂತ.

ಇದು ನನಗೆ ಯಾಕೆ ಚುಚ್ಚುತ್ತೆ ಅಂದರೆ, ನಮ್ಮ ಕ್ಲಾಸಿನಲ್ಲೊಬ್ಬ ಶೆಟ್ಟರ ಹುಡುಗನಿದ್ದ. ಗ್ಯಾದರಿಂಗ್ ನಾಟಕದಲ್ಲಿ ಪ್ರತಿ ವರ್ಷ ಮಲ್ಲಪ್ಪಶೆಟ್ಟಿಯ ಪಾತ್ರ ಅವನಿಗೇ. ನಾಟಕ ಮುಗಿದ ಮೇಲೂ ತಿಂಗಳುಗಟ್ಟಲೆ "ಏ ಸಗಣಿ" ಅಂತ ಕೂಗುತ್ತಿದ್ದೆವು. ಜಾಸ್ತಿ ಕೂಗಿದವನು ನಾನೇ. ಏಳನೇ ಕ್ಲಾಸಿಗೆ ಅವನು ಬೇರೆ ಊರಿನ ಶಾಲೆಗೆ ಹೋದ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

ಹೋದ ದೀಪಾವಳಿಗೆ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕ. ಗುರುತು ಹಿಡಿದದ್ದು ಅವನೇ. ಚಹಾ ಕುಡಿದೆವು. ಏನು ಮಾಡ್ಕೊಂಡಿದ್ದೀಯಪ್ಪಾ ಅಂದೆ. ಗೊಬ್ಬರದ ಅಂಗಡಿ ಇದೆಯಂತೆ. ಕುದುರೆ ಮೇಲಿದ್ದ ಚನ್ನಮ್ಮನ ಕಡೆ ಒಮ್ಮೆ ನೋಡಿ ನಕ್ಕ. "ನೋಡಪಾ, ಇನ್ನೂ ಸಗಣೀನ ಮಾರಾಕತ್ತೇನಿ."

ನಾನೂ ನಕ್ಕೆ. ಆಮೇಲೆ, ಇಪ್ಪತ್ತು ವರ್ಷ ತಡವಾಗಿ, "ತಪ್ಪಾತೋ ಮಾರಾಯಾ" ಅಂದೆ. ಅವನು ಏನೂ ಹೇಳಲಿಲ್ಲ. ಚಹಾದ ದುಡ್ಡು ಮಾತ್ರ ನನಗೆ ಕೊಡಾಕ ಬಿಡಲಿಲ್ಲ.