ತೆರೆದ ಬಾಗಿಲಿನ ತಕರಾರು

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ರಮಾಬಾಯಿಯ ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ವಿಧವೆಯಾದ ಆಕೆ ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಚರ್ಚಿನ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಯಮಾನವಂತೂ ಅವರದಲ್ಲ.

ಮುಂಬಯಿಯಲ್ಲಿ 1889ರಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಮತಬೋಧನೆ ಕೂಡದೆಂಬುದು ಒಪ್ಪಂದ. ಆದರೆ ರಮಾಬಾಯಿ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ ‘ಕೇಸರಿ’ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಸುಧಾರಕರೇ ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಬಾಲವಿಧವೆಗೆ ಆ ಮನೆಯಲ್ಲಿ ಏನು ಕಾದಿತ್ತೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

1896–97ರ ಬರಗಾಲದಲ್ಲಿ ಅನಾಥ ಹೆಣ್ಣುಮಕ್ಕಳನ್ನು ರಮಾಬಾಯಿ ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿನ ‘ಮುಕ್ತಿ’ಯಲ್ಲಿ ಒಪ್ಪಂದದ ಹಂಗಿರಲಿಲ್ಲ; ಪ್ರಾರ್ಥನೆ ಬಹಿರಂಗವಾಗಿಯೇ ನಡೆಯಿತು.