ಪರದೆಯ ಹಿಂದಿನ ಕಡತಗಳ ವಲಸೆ

ನೀರು ಶುದ್ಧೀಕರಣ ಘಟಕವೊಂದರ ನಿಯಂತ್ರಣ ಕೊಠಡಿಯನ್ನು ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಗಣಕದ ಪರದೆ. ತೊಟ್ಟಿಯ ಮಟ್ಟ, ಪಂಪಿನ ಓಟ, ಕವಾಟದ ಸ್ಥಿತಿ ಎಲ್ಲವೂ ಅದರ ಮೇಲೆ ಚಿತ್ರವಾಗಿ ಮೂಡುತ್ತವೆ. ಈ ಮೇಲ್ವಿಚಾರಣೆ ನಡೆಸುವ ತಂತ್ರಾಂಶವನ್ನು ‘ಸ್ಕಾಡಾ’ ಎನ್ನುತ್ತಾರೆ. ಚಿತ್ರಗಳು, ಪ್ರತಿಯೊಂದು ಅಳತೆಗೂ ಕೊಟ್ಟ ‘ಟ್ಯಾಗ್’ ಎಂಬ ಹೆಸರು, ಅಪಾಯದ ಮಿತಿಗಳು, ಚಿಕ್ಕ ಚಿಕ್ಕ ಸ್ಕ್ರಿಪ್ಟುಗಳು ಇವೆಲ್ಲ ಸೇರಿದ ಕಂತೆಯೇ ಪ್ರಾಜೆಕ್ಟ್ ಕಡತ. ಕಾರ್ಖಾನೆಯ ಯಂತ್ರ ಹತ್ತಾರು ವರ್ಷ ಬಾಳುತ್ತದೆ. ಗಣಕ ಅಷ್ಟು ಕಾಲ ಬಾಳುವುದಿಲ್ಲ. ಈ ಅಂತರದಿಂದಲೇ ಕಡತಗಳ ವಲಸೆ ಆರಂಭವಾಯಿತು.

ಜರ್ಮನಿಯ ಸೀಮೆನ್ಸ್ ಸಂಸ್ಥೆಯನ್ನೇ ಉದಾಹರಣೆಯಾಗಿ ನೋಡೋಣ. ಅದರ ‘ಸಿಮ್ಯಾಟಿಕ್’ ಎಂಬ ಹೆಸರು ನೋಂದಣಿಯಾದದ್ದು 1958ರಲ್ಲಿ. 1996ರಲ್ಲಿ ವಿಂಡೋಸ್ ಗಣಕಗಳಿಗೆಂದು ‘ವಿನ್‌ಸಿಸಿ’ ಬಂದಿತು. ಯಂತ್ರದ ಪಕ್ಕದ ಪುಟ್ಟ ಫಲಕಗಳಿಗೆ ‘ಪ್ರೊಟೂಲ್’ ಎಂಬ ಬೇರೆ ತಂತ್ರಾಂಶವಿತ್ತು. ಎರಡೂ ಒಂದೇ ಮನೆಯ ಮಕ್ಕಳಾದರೂ ಕಡತಗಳ ಒಳರಚನೆ ಬೇರೆಯಾಗಿತ್ತು.

ವಿನ್‌ಸಿಸಿಯ ಐದನೆಯ ಆವೃತ್ತಿಯವರೆಗೆ ಮಾಹಿತಿಯು ಸೈಬೇಸ್ ದತ್ತಸಂಚಯದಲ್ಲಿ ಇರುತ್ತಿತ್ತು. ಆರನೆಯ ಆವೃತ್ತಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರನ್ನು ಆಶ್ರಯಿಸಿತು. ಆದ್ದರಿಂದ ಹಳೆಯ ಪ್ರಾಜೆಕ್ಟನ್ನು ಪರಿವರ್ತಿಸಿಯೇ ತೆರೆಯಬೇಕಾಯಿತು. ಪ್ರೊಟೂಲ್‌ನ ಜಾಗಕ್ಕೆ ‘ವಿನ್‌ಸಿಸಿ ಫ್ಲೆಕ್ಸಿಬಲ್’ ಬಂದಿತು. ಅದರ ಬೆನ್ನಿಗೆ 2010ರಲ್ಲಿ ಎಲ್ಲವನ್ನೂ ಒಂದೇ ಸೂರಿನಡಿ ತರುವ ‘ಟಿಐಎ ಪೋರ್ಟಲ್’ ಪ್ರಕಟವಾಯಿತು. ಆದರೆ ಪ್ರೊಟೂಲ್ ಕಡತ ನೇರವಾಗಿ ಅಲ್ಲಿಗೆ ಹೋಗಲಾರದು. ಮೊದಲು ಫ್ಲೆಕ್ಸಿಬಲ್‌ಗೆ ಪರಿವರ್ತಿಸಿ, ಆಮೇಲೆ ಮುಂದಕ್ಕೆ ಸಾಗಿಸಬೇಕು. ನಡುವಿನ ಮೆಟ್ಟಿಲನ್ನು ಹತ್ತದೆ ಉಳಿದವರು ಹಳೆಯ ತಂತ್ರಾಂಶವನ್ನು ಹುಡುಕಿ ತರಬೇಕಾಗುತ್ತದೆ. ಪೋರ್ಟಲ್‌ನ 16ನೆಯ ಆವೃತ್ತಿಯೊಂದಿಗೆ ಬಂದ ‘ಯೂನಿಫೈಡ್’ನಲ್ಲಿ ಸ್ಕ್ರಿಪ್ಟುಗಳ ಭಾಷೆ ಜಾವಾಸ್ಕ್ರಿಪ್ಟ್. ಹಳೆಯ ವಿಬಿ ಸ್ಕ್ರಿಪ್ಟುಗಳು ಅಲ್ಲಿ ಹಾಗೆಯೇ ನಡೆಯುವುದಿಲ್ಲ.

ಹಾಗಾದರೆ ಹಳೆಯದರಲ್ಲೇ ಇದ್ದುಬಿಡಬಹುದಲ್ಲವೇ ಎಂದು ನೀವು ಕೇಳಬಹುದು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ಕುತಂತ್ರಾಂಶ ಇದೇ ವಿನ್‌ಸಿಸಿ ಮತ್ತು ‘ಸ್ಟೆಪ್ 7’ ಇರುವ ಗಣಕಗಳನ್ನು ಹುಡುಕುತ್ತಿತ್ತು. ಪ್ರಾಜೆಕ್ಟ್ ಕಡತಗಳಲ್ಲಿ ಅವಿತು ಹರಡುತ್ತಿತ್ತು. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. ಹಳೆಯ ಗಣಕದಲ್ಲೇ ಕುಳಿತಿರುವುದೂ ಅಪಾಯವೇ.

ಅವಸರದ ವಲಸೆಯೂ ಅಷ್ಟೇ ಅಪಾಯಕಾರಿ. ತೊಟ್ಟಿಯ ಮಟ್ಟದ ಟ್ಯಾಗ್ ತಪ್ಪು ವಿಳಾಸಕ್ಕೆ ಅಂಟಿಕೊಂಡರೆ, ತೊಟ್ಟಿ ತುಂಬಿ ಹರಿಯುತ್ತಿದ್ದರೂ ಪರದೆ ಹಸಿರು ಬಣ್ಣವನ್ನೇ ತೋರಿಸೀತು. ಆದಕಾರಣ ಬಲ್ಲವರು ಮೊದಲು ಮೂಲ ಕಡತದ ನಕಲನ್ನು ತೆಗೆದಿಡುತ್ತಾರೆ. ಬೇರೆ ಗಣಕದಲ್ಲಿ ಪರಿವರ್ತಿಸಿ ನೋಡುತ್ತಾರೆ. ಒಂದೊಂದು ಸಂಕೇತವನ್ನೂ ಯಂತ್ರದ ಬಳಿ ನಿಂತು ತಾಳೆ ಹಾಕುತ್ತಾರೆ.

ಇನ್ನೊಂದು ಮಾತು. ಎಚ್ಚರಿಕೆಯ ಮಿತಿ 80 ಎಂದು ಕಡತ ಹೇಳುತ್ತದೆ. 90 ಏಕಲ್ಲ ಎಂಬುದನ್ನು ಹೇಳುವುದಿಲ್ಲ. ಆ ಕಾರಣ ಗೊತ್ತಿದ್ದ ಇಂಜಿನಿಯರು ನಿವೃತ್ತರಾದರೆ ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು. ನಾಳೆ ನೀವು ಇಂತಹ ಕೊಠಡಿಯಲ್ಲಿ ಕೆಲಸಕ್ಕೆ ಕುಳಿತಾಗ, ಕಾರಣವನ್ನೂ ಪಕ್ಕದಲ್ಲಿ ಬರೆದಿಡಿ.